ಮೊಲದ ಬೆನ್ನ ಮೇಲಿನ ಇಪ್ಪತ್ತು ಗುರುತುಗಳು: ಔಷಧ ಮಹಾನಿಯಂತ್ರಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಭಾರತದ ಔಷಧ ಮಹಾನಿಯಂತ್ರಕರು,
ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ನವದೆಹಲಿ.

ವಿಷಯ: ವೈದ್ಯಕೀಯ ಸಾಧನಗಳ ಚರ್ಮದ ಉರಿತ ಹಾಗೂ ಜ್ವರಕಾರಕ ಪರೀಕ್ಷೆಗಳಲ್ಲಿ ಪ್ರಾಣಿಗಳನ್ನು ಬಳಸದ ವಿಧಾನಗಳ ಫಲಿತಾಂಶವೇ ಸಾಕೆಂದು ಲಿಖಿತವಾಗಿ ತಿಳಿಸುವ ಕುರಿತು.

ಮಾನ್ಯರೇ,

ನಾನು ಬೆಂಗಳೂರಿನವಳು, ವಿಷಶಾಸ್ತ್ರ ಓದಿದವಳು. ಹತ್ತೊಂಬತ್ತು ವರ್ಷ ಸುರಕ್ಷತಾ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ, ಈಗ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಸಣ್ಣ ತಯಾರಕರಿಗೆ ಪರವಾನಗಿಯ ಕಡತಗಳನ್ನು ಸಿದ್ಧಪಡಿಸಲು ನೆರವಾಗುತ್ತಿದ್ದೇನೆ. ಮೂತ್ರನಾಳದ ಕ್ಯಾತಿಟರ್, ಡ್ರಿಪ್ ಸೆಟ್, ಗಾಯದ ಪಟ್ಟಿ, ಹೊಲಿಗೆಯ ದಾರ, ಶಸ್ತ್ರಚಿಕಿತ್ಸೆಯ ಬಳಿಕ ರಕ್ತ ಕೀವು ಹೊರಬರಲು ಇಡುವ ಕೊಳವೆ, ಹೀಗೆ ರೋಗಿಯ ಮೈಗೆ ತಾಗುವ ವಸ್ತುಗಳು ಮೈಗೆ ಹಾನಿ ಮಾಡುವುದಿಲ್ಲವೆಂದು ತೋರಿಸಿಕೊಡುವುದೇ ನನ್ನ ಕೆಲಸ. ನನ್ನ ತಂದೆಯವರು ಕೊನೆಯ ನಾಲ್ಕು ವರ್ಷ ಡಯಾಲಿಸಿಸ್ ಮೇಲಿದ್ದರು. ವಾರಕ್ಕೆ ಮೂರು ಸಲ ಅವರ ರಕ್ತವೆಲ್ಲ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹಾದು ಮರಳುವುದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು. ಆದ್ದರಿಂದ ಪರೀಕ್ಷೆಯನ್ನು ಸಡಿಲಗೊಳಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಪರೀಕ್ಷೆ ಇನ್ನಷ್ಟು ಬಿಗಿಯಾಗಲಿ, ಮತ್ತು ಅದಕ್ಕಾಗಿಯೇ ಅದು ಮೊಲದ ಬೆನ್ನಿನಿಂದ ಮನುಷ್ಯರ ಜೀವಕೋಶಕ್ಕೆ ಬರಲಿ ಎಂಬುದು ನನ್ನ ಬೇಡಿಕೆ.

ಈ ಪತ್ರ ತಮ್ಮ ಕಚೇರಿಯಾಚೆಗೂ ಓದಲ್ಪಡಲಿ ಎಂಬ ಆಸೆಯಿಂದ, ಮೊದಲು ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಕ್ಯಾತಿಟರಿನ ತುಂಡುಗಳನ್ನು ಅವುಗಳ ಮೇಲ್ಮೈ ವಿಸ್ತೀರ್ಣದ ಲೆಕ್ಕಕ್ಕೆ ಸರಿಯಾಗಿ ಅಳೆದ ದ್ರವದಲ್ಲಿ ಮುಳುಗಿಸಿ, ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 72 ಗಂಟೆ ಇಡುತ್ತೇವೆ. ಒಂದು ಪಾಲು ಉಪ್ಪುನೀರಿನಲ್ಲಿ, ಇನ್ನೊಂದು ಪಾಲು ಎಳ್ಳೆಣ್ಣೆಯಂಥ ಎಣ್ಣೆಯಲ್ಲಿ. ಪ್ಲಾಸ್ಟಿಕ್ಕಿನೊಳಗಿಂದ ಬಿಟ್ಟುಕೊಳ್ಳಬಹುದಾದ ರಾಸಾಯನಿಕವೇನಿದ್ದರೂ ಆ ದ್ರವಕ್ಕೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಇದನ್ನು ಎಕ್ಸ್‌ಟ್ರ್ಯಾಕ್ಟ್ ಎನ್ನುತ್ತಾರೆ. ನ್ಯೂಜಿಲೆಂಡ್ ವೈಟ್ ತಳಿಯ ಮೂರು ಮೊಲಗಳ ಬೆನ್ನನ್ನು ಹಿಂದಿನ ದಿನವೇ ಕ್ಲಿಪ್ಪರಿನಿಂದ ಬೋಳಿಸಿರುತ್ತಾರೆ. ಮರುದಿನ ಮಾರ್ಕರಿನಿಂದ ಆ ಬಿಳಿ ಚರ್ಮದ ಮೇಲೆ ಗುರುತು ಹಾಕುತ್ತೇವೆ. ಒಂದು ಪಕ್ಕದಲ್ಲಿ ಉಪ್ಪುನೀರಿನ ಎಕ್ಸ್‌ಟ್ರ್ಯಾಕ್ಟಿಗೆ ಐದು, ಎಣ್ಣೆಯದಕ್ಕೆ ಐದು. ಇನ್ನೊಂದು ಪಕ್ಕದಲ್ಲಿ ಏನೂ ಬೆರೆಯದ ಬರಿಯ ಉಪ್ಪುನೀರಿಗೂ ಬರಿಯ ಎಣ್ಣೆಗೂ ತಲಾ ಐದು. ಒಟ್ಟು ಇಪ್ಪತ್ತು. ಒಂದೊಂದು ಗುರುತಿನಲ್ಲೂ ಚರ್ಮದ ಪದರದೊಳಕ್ಕೆ 0.2 ಮಿಲಿಲೀಟರ್ ಚುಚ್ಚಬೇಕು. ಸೂಜಿ ಸರಿಯಾದ ಆಳಕ್ಕೆ ಹೋಗಿದ್ದರೆ ಅವರೆಕಾಳಿನಷ್ಟು ದಪ್ಪಕ್ಕೆ ಚರ್ಮ ಉಬ್ಬುತ್ತದೆ. ಉಬ್ಬದಿದ್ದರೆ ಆಳ ಹೆಚ್ಚಾಯಿತೆಂದು ಅರ್ಥ. ಮೊಲ ಕೂಗುವ ಪ್ರಾಣಿಯಲ್ಲ. ಹಿಡಿದವರ ಅಂಗೈಗೆ ಅದರ ಎದೆಬಡಿತ ಮಾತ್ರ ಗೊತ್ತಾಗುತ್ತದೆ, ಒಂದೊಂದು ಬಡಿತವನ್ನು ಬೇರೆಬೇರೆಯಾಗಿ ಎಣಿಸಲಾಗದಷ್ಟು ವೇಗವಾಗಿ.

ನಂತರ 24, 48 ಮತ್ತು 72 ಗಂಟೆಗಳಲ್ಲಿ ಪ್ರತಿ ಗುರುತನ್ನೂ ನೋಡಿ, ಕೆಂಪಿಗೆ ಸೊನ್ನೆಯಿಂದ ನಾಲ್ಕು, ಊತಕ್ಕೆ ಸೊನ್ನೆಯಿಂದ ನಾಲ್ಕು ಅಂಕ ಕೊಡಬೇಕು. ಎಕ್ಸ್‌ಟ್ರ್ಯಾಕ್ಟ್ ಪಕ್ಕದ ಸರಾಸರಿಗೂ ಬರಿಯ ದ್ರವದ ಪಕ್ಕದ ಸರಾಸರಿಗೂ ಇರುವ ಅಂತರ 1.0ನ್ನು ಮೀರದಿದ್ದರೆ ಸಾಧನ ಪಾಸಾದ ಹಾಗೆ. ನನ್ನ ಕಷ್ಟ ಶುರುವಾಗುತ್ತಿದ್ದುದು ಇಲ್ಲಿಯೇ. ಎಣ್ಣೆಯನ್ನು ಚರ್ಮದೊಳಕ್ಕೆ ಚುಚ್ಚಿದರೆ ಏನೂ ಬೆರೆಸದಿದ್ದರೂ ಆ ಜಾಗ ಕೆಂಪಾಗುವುದುಂಟು. ಒಂದು ಬಗೆಯ ಕೆಂಪಿನೊಳಗೆ ಇನ್ನೊಂದು ಬಗೆಯ ಕೆಂಪನ್ನು ಹುಡುಕುತ್ತ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಗುರುತಿಗೆ ಬೇರೆಬೇರೆ ಅಂಕ ಕೊಟ್ಟು, ಮತ್ತೆ ನೋಡಿ, ಕೊನೆಗೆ ಒಂದಕ್ಕೆ ಒಪ್ಪಿಕೊಂಡು ಬರೆದ ದಿನಗಳು ಬಹಳ. ನಾವಿಬ್ಬರೂ ಪ್ರಾಮಾಣಿಕರಾಗಿದ್ದೆವು. ಕಣ್ಣಿನಿಂದ ಬಣ್ಣ ಅಳೆಯುವ ಪದ್ಧತಿಯೇ ಅಷ್ಟು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಮೊಲದ ಚರ್ಮಕ್ಕೂ ಕಣ್ಣಿಗೂ ಅಂಕ ಕೊಡುವ ಈ ಪದ್ಧತಿಯನ್ನು ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು 1944ರಲ್ಲಿ ರೂಪಿಸಿದರು. ಅದಾಗಿ ಕಾಲು ಶತಮಾನ ಕಳೆದ ಮೇಲೆ, 1971ರಲ್ಲಿ, ವೈಲ್ ಮತ್ತು ಸ್ಕಾಲಾ ಎಂಬ ವಿಷಶಾಸ್ತ್ರಜ್ಞರು ಒಂದೇ ವಸ್ತುಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಪರೀಕ್ಷಿಸಿದಾಗ ಬಂದ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರು. ಒಂದು ಪ್ರಯೋಗಾಲಯ ನಿರಪಾಯವೆಂದದ್ದನ್ನು ಇನ್ನೊಂದು ತೀವ್ರ ಉರಿತದ ವಸ್ತುವೆಂದು ಕರೆದಿತ್ತು. ಆಗ ಬೇರೆ ದಾರಿ ಇರಲಿಲ್ಲ, ಆದ್ದರಿಂದ ಆ ಪದ್ಧತಿಯೇ ಮುಂದುವರಿಯಿತು ಎನ್ನುವುದು ನನಗೆ ಅರ್ಥವಾಗುತ್ತದೆ. ಈಗ ಬೇರೆ ದಾರಿ ಇದೆ.

ಆ ದಾರಿಯನ್ನೂ ಹತ್ತಿರದಿಂದ ನೋಡಿದ್ದೇನೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಬಿಸಾಡುವ ಮನುಷ್ಯರ ಚರ್ಮದಿಂದ, ಕೊಟ್ಟವರ ಒಪ್ಪಿಗೆ ಪಡೆದು, ಜೀವಕೋಶಗಳನ್ನು ಬೇರ್ಪಡಿಸುತ್ತಾರೆ. ಶರ್ಟಿನ ಗುಂಡಿಯಷ್ಟಗಲದ ಚಿಕ್ಕ ಬಟ್ಟಲು, ಅದರ ತಳಕ್ಕೆ ತೆಳುವಾದ ಜಾಲರಿಯ ಪೊರೆ. ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ. ಎರಡು ಮೂರು ವಾರಗಳಲ್ಲಿ ಆ ಕೋಶಗಳು ಒಂದರ ಮೇಲೊಂದು ಪದರವಾಗಿ ಬೆಳೆದು, ಮೇಲ್ಭಾಗದಲ್ಲಿ ನಮ್ಮ ಮೈಚರ್ಮದಲ್ಲಿರುವಂತೆಯೇ ಗಟ್ಟಿಯಾದ ಸತ್ತ ಪದರವೂ ಮೂಡುತ್ತದೆ. ಹೊರಗಿನದನ್ನು ತಡೆಯುವುದು ಆ ಪದರವೇ. ಇಂಥ ಮೂರು ತುಣುಕುಗಳ ಮೇಲೆ ಅದೇ ಕ್ಯಾತಿಟರಿನ ಅದೇ ಎಕ್ಸ್‌ಟ್ರ್ಯಾಕ್ಟಿನ ನೂರು ಮೈಕ್ರೋಲೀಟರ್ ಹಾಕಿ, ಮಾದರಿಗೆ ತಕ್ಕಂತೆ 18ರಿಂದ 24 ಗಂಟೆ ಬಿಡುತ್ತೇವೆ. ಪಕ್ಕದಲ್ಲಿ ಬರಿಯ ಉಪ್ಪುನೀರು ಹಾಕಿದ ಮೂರು ತುಣುಕು. ಬೇಕೆಂದೇ ಉರಿತ ಉಂಟುಮಾಡುವ, ಶಾಂಪೂ ಟೂತ್‌ಪೇಸ್ಟುಗಳಲ್ಲಿ ನೊರೆಗಾಗಿ ಬಳಸುವ ಜಾತಿಯ ಸಲ್ಫೇಟಿನ ಶೇ. 1ರ ದ್ರಾವಣ ಹಾಕಿದ ಇನ್ನೂ ಮೂರು. ಆಮೇಲೆ ಎಲ್ಲವನ್ನೂ ತೊಳೆದು, ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣದಲ್ಲಿ ಇಡಬೇಕು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆಗೆ ತಿರುಗಿಸುತ್ತದೆ, ಸತ್ತದ್ದು ತಿರುಗಿಸಲಾರದು.

ಮೊದಲ ಸಲ ಆ ತಟ್ಟೆಯನ್ನು ಇನ್‌ಕ್ಯುಬೇಟರಿನಿಂದ ಹೊರತೆಗೆದ ಬೆಳಗ್ಗೆ ಈಗಲೂ ನೆನಪಿದೆ. ಉಪ್ಪುನೀರಿನ ಮೂರು ಬಟ್ಟಲುಗಳು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿದ್ದವು. ಸಲ್ಫೇಟಿನ ಮೂರು ಬಟ್ಟಲು ಬಿಳಿಚಿಕೊಂಡಿದ್ದವು. ನಮ್ಮ ಕ್ಯಾತಿಟರಿನ ಮೂರೂ ಉಪ್ಪುನೀರಿನವುಗಳ ಜೊತೆ ಸೇರಿಕೊಂಡಿದ್ದವು. ಆದರೂ ಕಣ್ಣಿನ ಮಾತಿಗೆ ಬಿಡದೆ, ಬಣ್ಣವನ್ನು ಕರಗಿಸಿ, ಬೆಳಕು ಹಾಯಿಸಿ, ಯಂತ್ರ ಅಂಕಿ ಕೊಡುತ್ತದೆ. ಬದುಕಿದ ಕೋಶಗಳ ಪ್ರಮಾಣ ಉಪ್ಪುನೀರಿನದಕ್ಕೆ ಹೋಲಿಸಿದರೆ ಶೇ. 50 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಉರಿತದ ವಸ್ತು. ಆ ಅಂಕಿಯ ಬಗ್ಗೆ ನಾನೂ ನನ್ನ ಸಹೋದ್ಯೋಗಿಯೂ ವಾದ ಮಾಡುವ ಪ್ರಸಂಗವೇ ಬರಲಿಲ್ಲ.

ರಾಸಾಯನಿಕಗಳಿಗೆ ಈ ವಿಧಾನವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 439ನೇ ಮಾರ್ಗಸೂಚಿಯಾಗಿ 2010ರಲ್ಲಿಯೇ ಒಪ್ಪಿತ್ತು. ಆದರೆ ಶುದ್ಧ ರಾಸಾಯನಿಕ ಬೇರೆ, ಸಾಧನದ ಎಕ್ಸ್‌ಟ್ರ್ಯಾಕ್ಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಬೆರಕೆ ಬೇರೆ. ಅಷ್ಟು ತೆಳುವಾದದ್ದನ್ನು ಈ ಚರ್ಮ ಹಿಡಿಯಬಲ್ಲದೇ ಎಂಬ ಅನುಮಾನ ನನಗೂ ಇತ್ತು. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ, ಉರಿತದ ವಸ್ತುವನ್ನು ಬೇಕೆಂದೇ ಬೆರೆಸಿ ತಯಾರಿಸಿದ ಪಿವಿಸಿ, ಸಿಲಿಕೋನ್ ಮುಂತಾದ ತುಂಡುಗಳನ್ನು ಹಂಚಿಕೊಂಡು, ಒಂದೇ ಕ್ರಮದಲ್ಲಿ ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದವು. ಉಪ್ಪುನೀರಿನ ಎಕ್ಸ್‌ಟ್ರ್ಯಾಕ್ಟಿನಲ್ಲೂ ಎಣ್ಣೆಯದರಲ್ಲೂ ಆ ಚರ್ಮ ತಪ್ಪಿತಸ್ಥನನ್ನು ಗುರುತಿಸಬಲ್ಲದೆಂದು ಅಲ್ಲಿ ಗೊತ್ತಾಯಿತು. ಅದರ ಆಧಾರದ ಮೇಲೆಯೇ 2021ರ ಜನವರಿಯಲ್ಲಿ, ಮೈಗೆ ತಾಗುವ ಸಾಧನಗಳ ಸುರಕ್ಷತಾ ಪರೀಕ್ಷೆಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 10993ರ 23ನೇ ಭಾಗ ಹೊರಬಂದು, ಹೊಸ ಮೆಟ್ಟಿಲುಕ್ರಮ ಹಾಕಿಕೊಟ್ಟಿತು. ಮೊದಲು ವಸ್ತುವಿನ ರಸಾಯನವನ್ನೂ ಈಗಾಗಲೇ ಇರುವ ಮಾಹಿತಿಯನ್ನೂ ನೋಡಬೇಕು. ಸಾಲದಿದ್ದರೆ ಬೆಳೆಸಿದ ಚರ್ಮ. ಅದರಿಂದಲೂ ಉತ್ತರ ಸಿಗದಿದ್ದರೆ ಮಾತ್ರ ಪ್ರಾಣಿಯ ಮಾತು.

ಮಾನ್ಯರೇ, ಕ್ರಮ ಹೀಗಿದ್ದ ಮೇಲೂ ಮೊಲವೇ ಮೊದಲ ಮೆಟ್ಟಿಲಾಗಿ ಉಳಿದಿರುವುದನ್ನು ನಾನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ತಯಾರಕರು ತಮ್ಮ ಗಾಯದ ಪಟ್ಟಿಯ ಪರೀಕ್ಷೆಗೆ ಬಂದಿದ್ದರು. ಬೆಳೆಸಿದ ಚರ್ಮದ ಫಲಿತಾಂಶ ಚೆನ್ನಾಗಿಯೇ ಬಂದಿತ್ತು. ವರದಿ ಕೈಗಿತ್ತಾಗ, "ಇದು ಇರಲಿ ಮೇಡಂ, ಮೊಲದ್ದೂ ಒಂದು ಮಾಡಿಬಿಡಿ, ನಾಳೆ ಯಾರಾದರೂ ಕೇಳಿದರೆ?" ಎಂದರು. ಯಾರೂ ಕೇಳಿರಲಿಲ್ಲ. ಕೇಳಬಹುದೆಂಬ ಭಯವಷ್ಟೇ. ಉತ್ತರ ಗೊತ್ತಿದ್ದ ಪ್ರಶ್ನೆಗೆ ಮೂರು ಮೊಲಗಳ ಬೆನ್ನಿನ ಮೇಲೆ ಮತ್ತೆ ಅರವತ್ತು ಗುರುತು ಹಾಕಿದೆವು. ಪಟ್ಟಿ ಅಲ್ಲಿಯೂ ಪಾಸಾಯಿತು. ಆ ಅಧ್ಯಯನದ ವರದಿಗೆ ಸಹಿ ಹಾಕಿದವಳು ನಾನೇ, ಆ ಹೊಣೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದಿಲ್ಲ. ಆದರೆ ಆ ತಯಾರಕರ ಭಯವನ್ನು ತೆಗೆದುಹಾಕುವ ಶಕ್ತಿ ನನಗಿರಲಿಲ್ಲ ಎಂಬುದೂ ನಿಜ. ಅದು ತಮ್ಮ ಕಚೇರಿಯ ಕೈಯಲ್ಲಿದೆ.

ನಮ್ಮ ಕಾಯಿದೆ ಈ ದಿಕ್ಕಿನಲ್ಲಿ ಮಾತಾಡಲು ಆರಂಭಿಸಿ ಅರುವತ್ತು ವರ್ಷ ಮೀರಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 17ನೇ ಪ್ರಕರಣ, ಸಾಧ್ಯವಿರುವಲ್ಲೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸುವಂತೆ ನೋಡಿಕೊಳ್ಳಬೇಕೆನ್ನುತ್ತದೆ. ಆಗ ಅದು ಉದಾಹರಣೆಗೆಂದು ಹೆಸರಿಸಿದ್ದು ಪುಸ್ತಕ, ಮಾದರಿ, ಚಲನಚಿತ್ರಗಳನ್ನು. ಬಟ್ಟಲಿನಲ್ಲಿ ಬೆಳೆದ ಮನುಷ್ಯಚರ್ಮವನ್ನು ಆ ಕಾಲದಲ್ಲಿ ಯಾರೂ ಊಹಿಸಿರಲಾರರು. 2014ರಲ್ಲಿ ಸರ್ಕಾರ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವನ್ನು ಆಮದು ಮಾಡಿಕೊಳ್ಳುವುದನ್ನೂ ನಿಷೇಧಿಸಿತು. 2023ರ ಮಾರ್ಚಿನಲ್ಲಿ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳಿಗೆ ತಿದ್ದುಪಡಿ ತಂದು, ಮನುಷ್ಯರಿಗೆ ಕೊಡುವ ಮೊದಲು ಔಷಧದ ಮೇಲೆ ನಡೆಸುವ ಪರೀಕ್ಷೆಗಳಲ್ಲಿ ಕೋಶಾಧಾರಿತ ಪರೀಕ್ಷೆ, ಪುಟ್ಟ ಚಿಪ್ಪಿನ ಮೇಲೆ ಕೋಶಗಳಿಂದ ರೂಪಿಸಿದ ಅಂಗದ ಮಾದರಿ, ಗಣಕ ಮಾದರಿ ಇವನ್ನೂ ಹೆಸರಿಸಿ ಸೇರಿಸಿತು. ಇದು ದೊಡ್ಡ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಸಾಧನಗಳಿಗಾದರೋ 2017ರ ವೈದ್ಯಕೀಯ ಸಾಧನ ನಿಯಮಗಳು ಬೇರೆಯೇ ಇವೆ. ಭಾರತೀಯ ಮಾನಕವಿಲ್ಲದೆಡೆ ಐಎಸ್‌ಒ ಮಾನಕಕ್ಕೆ ಹೊಂದಿದರೆ ಸಾಕೆಂದು ಅವು ಹೇಳುತ್ತವೆ, ಆದ್ದರಿಂದ 23ನೇ ಭಾಗದ ಮೆಟ್ಟಿಲುಕ್ರಮಕ್ಕೆ ಬಾಗಿಲು ತೆರೆದೇ ಇದೆ. ಹೀಗಿರುವಾಗ ಮುಖಕ್ಕೆ ಹಚ್ಚುವ ಕ್ರೀಮಿಗಾಗಿ ಮುಟ್ಟಬಾರದ ಮೊಲವನ್ನು, ಅದೇ ಚರ್ಮದ ಮೇಲೆ ಅಂಟಿಸುವ ಪಟ್ಟಿಗಾಗಿ, ಅದೂ ಮನುಷ್ಯಚರ್ಮದಲ್ಲೇ ಪರೀಕ್ಷಿಸಿಯಾದ ಪಟ್ಟಿಗಾಗಿ, ಇಪ್ಪತ್ತು ಕಡೆ ಚುಚ್ಚುವುದನ್ನು ನಾನು ಯಾವ ನ್ಯಾಯದಿಂದಲೂ ಸಮರ್ಥಿಸಲಾರೆ.

ಎರಡನೆಯದು ಜ್ವರದ ಮಾತು. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು ರಕ್ತಕ್ಕೆ ಸೇರಿದರೂ ಮನುಷ್ಯನಿಗೆ ಚಳಿಜ್ವರ ಬರುತ್ತದೆ. ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಇದರ ಪತ್ತೆಗೆ ಮೊಲದ ಕಿವಿಯ ರಕ್ತನಾಳಕ್ಕೆ ದ್ರವ ಕೊಟ್ಟು, ಗುದದ್ವಾರದಲ್ಲಿ ತಾಪಮಾಪಕವಿಟ್ಟು, ಕತ್ತಿಗೆ ಚೌಕಟ್ಟು ಹಾಕಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಕೂರಿಸಿ ಜ್ವರ ನೋಡುವ ಪರೀಕ್ಷೆಯನ್ನು ಅಮೆರಿಕದ ಔಷಧ ಸಂಹಿತೆ, ಅಂದರೆ ಔಷಧಗಳ ಗುಣಮಟ್ಟವನ್ನೂ ಪರೀಕ್ಷೆಗಳನ್ನೂ ಗೊತ್ತುಮಾಡುವ ಅಧಿಕೃತ ಗ್ರಂಥ, 1942ರಲ್ಲಿ ಸೇರಿಸಿಕೊಂಡಿತು. ನಂತರ ಕುದುರೆಲಾಳದ ಆಕಾರದ ಏಡಿಯ ನೀಲಿ ರಕ್ತ ಎಂಡೊಟಾಕ್ಸಿನ್ ಎಂಬ ಈ ಚೂರು ತಾಗಿದೊಡನೆ ಹೆಪ್ಪುಗಟ್ಟುತ್ತದೆಂದು ತಿಳಿದು, ಎಷ್ಟೋ ಮೊಲಗಳು ಉಳಿದವು, ಏಡಿಗಳಿಗೆ ಕುತ್ತು ಬಂತು. ಸಿಂಗಪುರದ ವಿಜ್ಞಾನಿಗಳಾದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಆ ರಕ್ತದಲ್ಲಿ ಕೆಲಸ ಮಾಡುವ ಪ್ರೋಟೀನನ್ನು ಏಡಿಯಿಲ್ಲದೆಯೇ ತಯಾರಿಸುವ ವಿಧಾನ ಕಂಡುಹಿಡಿದರು. 1995ರಲ್ಲಿ ಜರ್ಮನಿಯ ಥಾಮಸ್ ಹಾರ್ಟುಂಗ್ ಮತ್ತು ಆಲ್ಬ್ರೆಕ್ಟ್ ವೆಂಡೆಲ್ ಇನ್ನೂ ನೇರವಾದ ದಾರಿ ತೋರಿಸಿದರು. ಮನುಷ್ಯನ ರಕ್ತಕ್ಕೇ ಆ ದ್ರವ ಹಾಕಿ, ಜ್ವರದ ಸಂದೇಶ ಒಯ್ಯುವ ಪ್ರೋಟೀನು ಅದರಲ್ಲಿ ಹುಟ್ಟುತ್ತದೆಯೇ ಎಂದು ಅಳೆಯುವುದು. ಎಂಡೊಟಾಕ್ಸಿನ್ ಅಲ್ಲದ ಇತರ ಬ್ಯಾಕ್ಟೀರಿಯಾ ಚೂರುಗಳನ್ನೂ ಇದು ಹಿಡಿಯುತ್ತದೆ.

ಯುರೋಪಿನ ಔಷಧ ಸಂಹಿತೆ ಈ ರಕ್ತಕೋಶ ಪರೀಕ್ಷೆಯನ್ನು 2010ರಲ್ಲಿ ಸೇರಿಸಿಕೊಂಡು, 2024ರ ಜೂನಿನಲ್ಲಿ ಮೊಲದ ಜ್ವರ ಪರೀಕ್ಷೆಗೆ ಪೂರ್ಣವಾಗಿ ವಿದಾಯ ಹೇಳುವ ತೀರ್ಮಾನ ಮಾಡಿತು. ಆ ಪರೀಕ್ಷೆಯನ್ನು ಕೇಳುವ ಪಠ್ಯಗಳು 2025ರ ಜುಲೈನಿಂದ ಬದಲಾದವು. ನಮ್ಮ ಔಷಧ ಸಂಹಿತೆಯೂ 2018ರ ಆವೃತ್ತಿಯಲ್ಲಿ ಮೊಲದ ಜಾಗಕ್ಕೆ ಎಂಡೊಟಾಕ್ಸಿನ್ ಪರೀಕ್ಷೆಯನ್ನು ತರುವ ಕೆಲಸ ಮಾಡಿದೆ. ಸಾಧನಗಳಲ್ಲಿ ಮಾತ್ರ ಒಂದು ಎಳೆ ಉಳಿದುಕೊಂಡಿದೆ. ಬ್ಯಾಕ್ಟೀರಿಯಾದಿಂದಲ್ಲ, ಪ್ಲಾಸ್ಟಿಕ್ಕಿನ ರಾಸಾಯನಿಕದಿಂದಲೇ ಜ್ವರ ಬಂದರೆ? ಆ ಅನುಮಾನಕ್ಕಾಗಿ ಇಂದಿಗೂ ಮೊಲಕ್ಕೆ ಚುಚ್ಚಲಾಗುತ್ತಿದೆ. ಅಂಥ ರಾಸಾಯನಿಕಗಳು ಯಾವುವೆಂದು ಐಎಸ್‌ಒ 10993ರ 11ನೇ ಭಾಗದ ಅನುಬಂಧವೇ ಪಟ್ಟಿ ಕೊಡುತ್ತದೆ: ಡೈನೈಟ್ರೋಫೀನಾಲ್ ಜಾತಿಯವು, ಪಿಕ್ರಿಕ್ ಆಮ್ಲ, ಇನ್ನು ಕೆಲವು. ಚಿಕ್ಕ ಪಟ್ಟಿ. 18ನೇ ಭಾಗದ ಪ್ರಕಾರ ಎಕ್ಸ್‌ಟ್ರ್ಯಾಕ್ಟಿನ ಅಂಶಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹುಡುಕಿ ಹೆಸರಿಸಿದ ಮೇಲೆ, ಆ ಪಟ್ಟಿಯ ಒಂದು ಹೆಸರೂ ಅಲ್ಲಿಲ್ಲವೆಂದು ಗೊತ್ತಾದ ಮೇಲೆ, ಮೊಲದ ಮೈಬಿಸಿ ನಮಗೆ ಹೊಸದಾಗಿ ಏನನ್ನು ಹೇಳುತ್ತದೆ? ಈ ಪ್ರಶ್ನೆಯನ್ನು ತಮ್ಮ ತಜ್ಞರ ಮುಂದಿಡಬೇಕೆಂದು ವಿನಂತಿಸುತ್ತೇನೆ.

ಎಲ್ಲ ಪರೀಕ್ಷೆಗೂ ಬದಲಿ ಸಿಕ್ಕಿದೆ ಎಂದು ಹೇಳಿದರೆ ನಾನು ಓದಿದ್ದಕ್ಕೇ ದ್ರೋಹ ಬಗೆದಂತೆ. ಮೂಳೆಯೊಳಗೆ ವರ್ಷಗಟ್ಟಲೆ ಇರಬೇಕಾದ ಸ್ಕ್ರೂ ಸುತ್ತ ಮೂಳೆ ಹೇಗೆ ಬೆಳೆಯುತ್ತದೆಂದು ಯಾವ ಬಟ್ಟಲೂ ಇನ್ನೂ ಹೇಳಲಾರದು. ತಿಂಗಳುಗಟ್ಟಲೆ ಅಲ್ಪಸ್ವಲ್ಪವಾಗಿ ಮೈಗೆ ಸೇರುವ ವಸ್ತು ಯಕೃತ್ತಿಗೋ ಮೂತ್ರಪಿಂಡಕ್ಕೋ ಏನು ಮಾಡುತ್ತದೆಂಬುದಕ್ಕೂ ಪೂರ್ಣ ಉತ್ತರವಿಲ್ಲ. ಅಲರ್ಜಿಯ ಪರೀಕ್ಷೆಗೆ, ಗಿನಿಪಿಗ್‌ಗಳನ್ನು ಬಿಟ್ಟು ಹಲವು ಕೋಶ ಮತ್ತು ರಾಸಾಯನಿಕ ಪರೀಕ್ಷೆಗಳನ್ನು ಜೋಡಿಸಿ ತೀರ್ಮಾನಕ್ಕೆ ಬರುವ 497ನೇ ಮಾರ್ಗಸೂಚಿಯನ್ನು ಒಇಸಿಡಿ 2021ರಲ್ಲಿ ಕೊಟ್ಟಿದೆ, ಆದರೆ ಅದು ಒಂದೊಂದು ರಾಸಾಯನಿಕಕ್ಕಾಗಿ ಮಾಡಿದ್ದು; ಸಾಧನದ ಎಕ್ಸ್‌ಟ್ರ್ಯಾಕ್ಟಿಗೆ ಅದನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಇನ್ನೊಂದನ್ನೂ ಮುಚ್ಚಿಡಬಾರದು. ಪ್ರಾಣಿರಹಿತವೆಂದು ನಾವು ಕರೆಯುವ ಎಷ್ಟೋ ಕೋಶಗಳನ್ನು ಸಾಕುವುದು ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ ಬೆರೆಸಿದ ದ್ರವದಲ್ಲಿ. ಅದನ್ನು ಬಿಟ್ಟು ಬೆಳೆಸುವ ದ್ರವಗಳೂ ಬಂದಿವೆ, ಎಲ್ಲ ಕಡೆ ಇನ್ನೂ ಬಳಕೆಗೆ ಬಂದಿಲ್ಲ. ಇವೆಲ್ಲ ಮುಂದಿನ ಕೆಲಸ. ಮುಂದಿನ ಕೆಲಸ ಬಾಕಿಯಿದೆಯೆಂದು ಈಗಾಗಲೇ ಆದ ಕೆಲಸವನ್ನು ಬಳಸದೆ ಇಡುವುದು ಸರಿಯಲ್ಲ.

ಕೋಶಗಳನ್ನು ನಂಬಬಹುದೇ ಎಂಬ ಹಿಂಜರಿಕೆ ಕೆಲವರಲ್ಲಿ ಇನ್ನೂ ಇದೆ. ನಾವು ಆಗಲೇ ನಂಬಿದ್ದೇವೆ. ಮೈಗೆ ತಾಗುವ ಸಾಧನಗಳಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಮಾಡುವುದು ಅದೇ ಐಎಸ್‌ಒ 10993ರ 5ನೇ ಭಾಗದ ಕೋಶವಿಷ ಪರೀಕ್ಷೆ. ಅದರಲ್ಲಿ ಹೆಚ್ಚಾಗಿ ಬಳಸುವುದು ಎಲ್929 ಎಂಬ ಇಲಿಯ ಕೋಶಗಳನ್ನು. ಬದುಕಿದ ಕೋಶಗಳು ಶೇ. 70ಕ್ಕಿಂತ ಕಡಿಮೆಯಾದರೆ ಸಾಧನದ ಕಡತ ಅಲ್ಲಿಗೇ ನಿಂತು ವಿವರಣೆ ಕೇಳುತ್ತದೆ. ಆ ಕೋಶಗಳ ವಂಶ ನೂರು ದಿನ ವಯಸ್ಸಿನ ಒಂದೇ ಒಂದು ಇಲಿಯಿಂದ 1940ರಲ್ಲಿ ಶುರುವಾದದ್ದು. ನಾನು ಹುಟ್ಟುವ ಎಷ್ಟೋ ಮೊದಲೇ ಸತ್ತ ಆ ಇಲಿಯ ಕೋಶಗಳು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇಂದಿಗೂ ಕವಲೊಡೆಯುತ್ತಿವೆ, ನಮ್ಮ ಇನ್‌ಕ್ಯುಬೇಟರಿನಲ್ಲೂ ಸೋಮವಾರ ಗುರುವಾರ ತಪ್ಪದೆ ದ್ರವ ಬದಲಿಸಿಕೊಂಡು ಇದ್ದವು. ಇಲಿಯ ಕೋಶದ ಮಾತನ್ನು ಇಷ್ಟು ಗಂಭೀರವಾಗಿ ಕೇಳುವ ನಾವು ಮನುಷ್ಯಚರ್ಮದ ಮಾತಿಗೆ ಮೊಲದ ಸಾಕ್ಷಿ ಕೇಳುವುದು ನನಗೆ ಬಗೆಹರಿಯದ ಸಂಗತಿ.

ಇನ್ನು ದುಡ್ಡಿನ ಮತ್ತು ಸಮಯದ ಕಷ್ಟ. ಇದು ನಿಜವಾದ ಕಷ್ಟ, ಇದರ ಬಗ್ಗೆ ತಮ್ಮ ಜೊತೆ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಇಲಾಖೆಗಳೂ ಯೋಚಿಸಬೇಕು. ನಾವು ಬಳಸಿದ ಬೆಳೆಸಿದ ಚರ್ಮ ವಿದೇಶದಿಂದ ಬರುತ್ತಿತ್ತು. ತಂಪುಪೆಟ್ಟಿಗೆಯಲ್ಲಿ ಬರುವ ಜೀವಂತ ಸರಕು ಅದು, ಕೆಲವೇ ದಿನ ಬಾಳುತ್ತದೆ. ಒಮ್ಮೆ ಸಾಲು ರಜೆಗಳ ನಡುವೆ ದಾರಿಯಲ್ಲಿ ಮೂರು ದಿನ ಸಿಕ್ಕಿಕೊಂಡು ಬಂದ ಪೆಟ್ಟಿಗೆಯನ್ನು ತೆರೆದಾಗ, ಉಪ್ಪುನೀರಿನ ಬಟ್ಟಲುಗಳೂ ನೇರಳೆಗೆ ತಿರುಗಲಿಲ್ಲ. ಇಪ್ಪತ್ತನಾಲ್ಕು ತುಣುಕು ಚರ್ಮ ಹಾಳು, ಗ್ರಾಹಕರಿಗೆ ಒಂದು ತಿಂಗಳು ತಡ. ಅಂದು ಅವರು, ಮೊಲವಾದರೆ ಹಿಂದಿನ ಕೊಠಡಿಯಲ್ಲೇ ಇರುತ್ತಿತ್ತಲ್ಲ ಎಂದದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಇರಬೇಕಾದದ್ದು ನಮ್ಮ ದೇಶದಲ್ಲೇ ಬೆಳೆಸಿದ ಚರ್ಮದ ರೂಪದಲ್ಲಿ. ಜಪಾನ್ ತನ್ನ ಮಾದರಿಯನ್ನು ಬೆಳೆಸಿ 439ನೇ ಮಾರ್ಗಸೂಚಿಯ ಪಟ್ಟಿಗೆ ಸೇರಿಸಿತು, ಕೊರಿಯಾವೂ ಸೇರಿಸಿತು. ಬೆಂಗಳೂರು, ಹೈದರಾಬಾದ್, ತಿರುವನಂತಪುರಗಳಲ್ಲಿ ಕೋಶ ಬೆಳೆಸುವ ಕೈಗಳಿಗೆ ಕೊರತೆಯಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಚರ್ಮ ತೆಗೆಯುವ ಆಸ್ಪತ್ರೆಗಳಿಗೂ ಇಲ್ಲ. ಕೊರತೆ ಇರುವುದು ಬೇಡಿಕೆಗೆ. ನಿಯಂತ್ರಕರು ಕೇಳದ ಪರೀಕ್ಷೆಯ ಸಾಮಗ್ರಿಯನ್ನು ಯಾವ ಉದ್ಯಮಿ ತಯಾರಿಸಲು ಮುಂದೆ ಬರುತ್ತಾನೆ? ತಮ್ಮ ಒಂದು ಸುತ್ತೋಲೆ ಆ ಮಾರುಕಟ್ಟೆಯನ್ನು ಹುಟ್ಟಿಸಬಲ್ಲದು.

ಭಾರತ 2011ರಲ್ಲಿ ಒಇಸಿಡಿಯ ಪರಸ್ಪರ ದತ್ತಾಂಶ ಸ್ವೀಕಾರ ವ್ಯವಸ್ಥೆಗೆ ಪೂರ್ಣವಾಗಿ ಸೇರಿತು. ಹಾಗಾಗಿ, ಉತ್ತಮ ಪ್ರಯೋಗಾಲಯ ಪದ್ಧತಿಯ ಪ್ರಮಾಣಪತ್ರ ಪಡೆದ ಇಲ್ಲಿನ ಪ್ರಯೋಗಾಲಯವೊಂದು ಒಇಸಿಡಿ ಮಾರ್ಗಸೂಚಿಯಂತೆ ರಾಸಾಯನಿಕವೊಂದನ್ನು ಬೆಳೆಸಿದ ಚರ್ಮದ ಮೇಲೆ ಪರೀಕ್ಷಿಸಿ ಕೊಟ್ಟ ವರದಿಗೆ ಸದಸ್ಯ ದೇಶಗಳಲ್ಲಿ ಬೆಲೆಯಿದೆ. ಹೊರದೇಶಕ್ಕೆ ಬರೆದುಕೊಡುವಾಗ ಇರುವ ಆ ಧೈರ್ಯ ನಮ್ಮ ಸಾಧನ ತಯಾರಕರಿಗೆ ಸ್ವಂತ ದೇಶದ ಅರ್ಜಿ ಬರೆಯುವಾಗಲೂ ಬರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಐಎಸ್‌ಒ 10993ರ 23ನೇ ಭಾಗಕ್ಕೆ ಅನುಸಾರವಾಗಿ ಬೆಳೆಸಿದ ಮನುಷ್ಯಚರ್ಮದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಪಾಸಾದ ಸಾಧನಕ್ಕೆ ಚರ್ಮದ ಉರಿತದ ವಿಚಾರದಲ್ಲಿ ಮೊಲದ ದತ್ತಾಂಶ ಬೇಕಿಲ್ಲವೆಂದು, ಎಲ್ಲ ಪರವಾನಗಿ ಪ್ರಾಧಿಕಾರಗಳಿಗೂ, ಅಧಿಸೂಚಿತ ಸಂಸ್ಥೆಗಳಿಗೂ, ತಯಾರಕರಿಗೂ ಅರ್ಥವಾಗುವಂತೆ ಒಂದು ಸುತ್ತೋಲೆ ಹೊರಡಿಸಿ. ಯಾವುದಾದರೂ ಪ್ರಕರಣದಲ್ಲಿ ಪ್ರಾಣಿಪರೀಕ್ಷೆ ಬೇಕೇಬೇಕೆನಿಸಿದರೆ, ಕೋಶದ ಪರೀಕ್ಷೆ ಆ ಸಾಧನಕ್ಕೆ ಏಕೆ ಸಾಲದೆಂಬ ಕಾರಣವನ್ನು ಕೇಳುವವರು ಬರವಣಿಗೆಯಲ್ಲಿ ಕೊಡಲಿ. ಕಾರಣ ಸರಿಯಾಗಿದ್ದರೆ ಒಪ್ಪುವವರಲ್ಲಿ ನಾನೇ ಮೊದಲಿಗಳು. ಜ್ವರಕಾರಕ ಪರೀಕ್ಷೆಯಲ್ಲಿ ಎಂಡೊಟಾಕ್ಸಿನ್, ರಕ್ತಕೋಶ ಪರೀಕ್ಷೆ ಮತ್ತು ರಾಸಾಯನಿಕ ವಿಶ್ಲೇಷಣೆ ಮೂರೂ ಇದ್ದಾಗ ಮೊಲವನ್ನು ಬಿಡಬಹುದೇ ಎಂದು ಪರಿಶೀಲಿಸಲು ಒಂದು ತಜ್ಞರ ಸಮಿತಿಯನ್ನು ಗೊತ್ತಾದ ಅವಧಿಗೆ ನೇಮಿಸಿ. ಪ್ರಾಣಿ ನೈತಿಕ ಸಮಿತಿಗಳ ಮುಂದೆ ಬರುವ ಪ್ರಸ್ತಾವಗಳಲ್ಲೂ, ಬೆಳೆಸಿದ ಚರ್ಮದ ಪರೀಕ್ಷೆ ಮೊದಲು ಆಗಿದೆಯೇ ಎಂಬ ಒಂದು ಸಾಲಿನ ಪ್ರಶ್ನೆ ಸೇರಬೇಕು. ಅಂಥ ಸಮಿತಿಯೊಂದರಲ್ಲಿ ಕುಳಿತ ಅನುಭವದಿಂದ ಹೇಳುತ್ತೇನೆ, ಆ ಒಂದು ಪ್ರಶ್ನೆ ನಮೂನೆಯಲ್ಲಿ ಅಚ್ಚಾಗಿದ್ದರೆ ಅರ್ಧ ಪ್ರಸ್ತಾವಗಳು ಮೇಜಿಗೇ ಬರುತ್ತಿರಲಿಲ್ಲ.

ಇದನ್ನು ಬರೆಯುತ್ತಿರುವಾಗ ನನ್ನ ಮೇಜಿನ ಮೇಲೆ ಪೀಣ್ಯದ ಒಂದು ಸಣ್ಣ ಘಟಕದವರು ತಂದುಕೊಟ್ಟ ಕೊಟೇಶನ್ ಇದೆ. ಹನ್ನೊಂದು ಜನ ಕೆಲಸ ಮಾಡುವ ಘಟಕ, ಶಸ್ತ್ರಚಿಕಿತ್ಸೆಯ ಬಳಿಕ ಇಡುವ ಸಿಲಿಕೋನ್ ಕೊಳವೆ ತಯಾರಿಸುತ್ತಾರೆ. ಅದರಲ್ಲಿ ನಾಲ್ಕನೆಯ ಸಾಲು ಬೆಳೆಸಿದ ಚರ್ಮದ ಪರೀಕ್ಷೆ, ಐದನೆಯದು ಮೂರು ಮೊಲ. ಐದನೆಯದನ್ನು ಹೊಡೆದುಹಾಕಬಹುದೇ ಎಂದು ಅವರು ಕೇಳಿದರು. ಮಾನಕದ ಪ್ರಕಾರ ಹೊಡೆದುಹಾಕಬಹುದು ಎಂದೆ. "ನೀವು ಹಾಗಂತ ಬರೆದು ಕೊಡ್ತೀರಾ ಮೇಡಂ?" ಎಂದರು. ನಾನು ಬರೆದುಕೊಟ್ಟರೆ ಅದು ನನ್ನ ಅಭಿಪ್ರಾಯ ಮಾತ್ರವಾಗುತ್ತದೆ. ತಾವು ಬರೆದುಕೊಟ್ಟರೆ ಆ ಸಾಲನ್ನು ಅವರು ಇಂದೇ ಹೊಡೆದುಹಾಕುತ್ತಾರೆ. ಕೊಟೇಶನ್ನಿನ ಅವಧಿ ಈ ತಿಂಗಳ ಕೊನೆಯವರೆಗಿದೆ.

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಿಷಶಾಸ್ತ್ರಜ್ಞೆ